ಮಹಡಿ ಮೇಲಿನ ಮೂಳೆ ಮೇಡಂ

ಹೋದ ವಾರ ನನ್ನ ಮೊಮ್ಮಗಳು ಒಬ್ಬ ಮನುಷ್ಯನ ಪಕ್ಕೆಗೆ ಕತ್ತಿ ಹಾಕಿದಳು. ನಾನು ಬೀದಿಗೆಲ್ಲ ಮೈಸೂರುಪಾಕು ಹಂಚಿದೆ.

ಎದುರು ಮನೆಯ ಹೆಂಗಸು ಒಂದು ತುಂಡು ತೆಗೆದುಕೊಳ್ಳುತ್ತಾ, “ಏನ್ ವಿಶೇಷ ಗೌಡ್ರೇ? ಭೂಮಿಕಾಗೆ ಗಂಡು ಗೊತ್ತಾಯ್ತಾ?” ಎಂದಳು.

“ಗಂಡಲ್ಲ ಕಣಮ್ಮಾ, ಒಬ್ಬ ಗಂಡಸನ್ನೇ ಕುಯ್ದವ್ಳೆ!” ಎಂದೆ.

ಅವಳ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು. ನಾನು ಬಿಡಲಿಲ್ಲ, ಎಲ್ಲವನ್ನೂ ಹೇಳಿದೆ. ಯಾರೋ ಹುಡುಗರು ಬಾರಿನ ಮುಂದೆ ಹೊಡೆದಾಡಿ ಒಬ್ಬನ ಎದೆಗೆ ಚೂರಿ ಹಾಕಿದ್ದರಂತೆ. ಎದೆಗೂಡಿನಲ್ಲಿ ಗಾಳಿ ಕಟ್ಟಿಕೊಂಡು, ತುಟಿ ನೀಲಿಯಾಗಿ, ಇನ್ನೇನು ಹೋದ ಎನ್ನುವಂತೆ ಆಸ್ಪತ್ರೆಗೆ ತಂದರಂತೆ. ನನ್ನ ಮೊಮ್ಮಗಳು ಈಗ ಅಲ್ಲಿ ಹೌಸ್ ಸರ್ಜನ್. ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು “ನೀನೇ ಹಾಕಮ್ಮ” ಎಂದರಂತೆ. ಇವಳು ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಜಾಗ ಹುಡುಕಿದಳು, ಕುಯ್ದಳು, ಕೊಳವೆ ತೂರಿಸಿದಳು. ಲಾರಿ ಟಯರಿನ ಹಾಗೆ ಬುಸ್ ಎಂದು ಗಾಳಿ ಬಂತಂತೆ, ಹಿಂದೆಯೇ ರಕ್ತ. ಆ ಹುಡುಗ ಬದುಕಿದ. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಒಬ್ಬನ ಎದೆಯೊಳಗೆ ಕೈ ಹಾಕಿ ಜೀವ ಎಳೆದು ತಂದಳು. ಇದಕ್ಕೆ ಸಿಹಿ ಹಂಚದೆ ಇನ್ಯಾವುದಕ್ಕೆ ಹಂಚಲಿ?

ಇಷ್ಟು ಸಂತೋಷದಲ್ಲಿ ಬರೆಯಬೇಕಾದ್ದು ಮೊಮ್ಮಗಳ ಬಗ್ಗೆ. ಆದರೆ ಪೆನ್ನು ಹಿಡಿದರೆ ಎದುರಿಗೆ ಬಂದು ನಿಲ್ಲುವವರು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮೇಡಂ. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಡಂ. ಅಂದರೆ ಹೆಣ ಕುಯ್ದು, ಮೈಯೊಳಗೆ ಏನೇನು ಎಲ್ಲೆಲ್ಲಿದೆ ಎಂದು ಮಕ್ಕಳಿಗೆ ತೋರಿಸುವ ಕೆಲಸ. ಹೋದ ವರ್ಷ ನಿವೃತ್ತರಾಗಿ ದಾವಣಗೆರೆಯ ಅಕ್ಕನ ಮನೆಗೆ ಹೊರಟುಹೋದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ರೈಲು ಹತ್ತಿ ಬಂದು ಹೊಡೆಯುತ್ತಾರೆ.

ಚಂದ್ರಾ ಲೇಔಟಿನಲ್ಲಿ ಮನೆ ನೋಡಲು ಬರುವವರು ಕಾವೇರಿ ನೀರು ಬರುತ್ತಾ, ಗಾಡಿ ನಿಲ್ಲಿಸಲು ಜಾಗ ಇದೆಯಾ ಎಂದು ಕೇಳುತ್ತಾರೆ. ಮೇಡಂ ಬಂದವರೇ ಬಾಗಿಲಿಗೆ ಒಂದು ಒದೆ ಕೊಟ್ಟರು.

“ಗಟ್ಟಿ ಐತಿ. ನಾನು ಸ್ವಲ್ಪ ಜೋರಾಗಿ ಹಾಕ್ತೀನ್ರಿ ಗೌಡ್ರೇ, ಮೊದ್ಲೇ ಹೇಳಿಬಿಡ್ತೀನಿ.”

ಕುಳ್ಳಗೆ, ದಪ್ಪಗೆ ಇದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಕೈಗಳು ಮಾತ್ರ ನಮ್ಮ ಗರಡಿಯ ಉಸ್ತಾದರ ಕೈಗಳು. ನಾನು ವಯಸ್ಸಿನಲ್ಲಿ ಕುಸ್ತಿ ಆಡಿದವನು. ಶಾಲೆಯ ಹಲಗೆಗಿಂತ ಗರಡಿಯ ಮಣ್ಣನ್ನೇ ಹೆಚ್ಚು ಮುಟ್ಟಿದವನು. ಆ ಮಣಿಕಟ್ಟು ನೋಡಿದ ಕೂಡಲೇ ಈ ಹೆಂಗಸಿನ ಹತ್ತಿರ ಹುಷಾರಾಗಿರಬೇಕು ಅಂದುಕೊಂಡೆ.

ಹಾಲುಕ್ಕಿಸಿದ ದಿನ ದೇವರ ಫೋಟೊ, ಅಕ್ಕಿ, ಬೆಲ್ಲದ ಹಿಂದೆಯೇ ಒಂದು ಗೋಣಿಚೀಲ ಮೆಟ್ಟಿಲು ಹತ್ತಿತು. ಚೀಲ ಗೋಡೆಗೆ ಬಡಿದು ಬಾಯಿ ಬಿಟ್ಟಿತು. ಒಂದು ತಲೆಬುರುಡೆ ಟಕಟಕ ಎಂದು ಮೆಟ್ಟಿಲಿಳಿದು ನನ್ನ ಹೆಂಡತಿಯ ಪಾದದ ಹತ್ತಿರ ಬಂದು ನಿಂತಿತು. ಅವಳು ಹಾಕಿದ ಕೂಗಿಗೆ ಪಕ್ಕದ ದರ್ಶಿನಿಯಲ್ಲಿ ದೋಸೆ ಹುಯ್ಯುವವನೂ ಓಡಿ ಬಂದ.

“ಅಯ್ಯೋ, ಸತ್ತೋರ ಮೂಳೆ ಮನೆಯೊಳಕ್ಕೆ ತಂದವ್ರಲ್ರೀ!”

ಮೇಡಂ ಮೇಲಿನಿಂದಲೇ ಹೇಳಿದರು. “ನಿಮ್ಮೊಳಗೂ ಇಷ್ಟೇ ಮೂಳೆ ಅದಾವಲ್ರೀ ಅಮ್ಮಾರೇ. ಅವನ್ನ ಯಾವ ಮನೆಯಾಗ ಇಡ್ತೀರಿ?”

ಅವತ್ತಿನಿಂದ ಬೀದಿಯವರಿಗೆಲ್ಲ ಅವರು ಮೂಳೆ ಮೇಡಂ ಆದರು.

ಅವರ ಕೈಬಲ ಊರಿಗೆ ಗೊತ್ತಾದದ್ದು ಒಬ್ಬ ಸರಗಳ್ಳನಿಂದ. ಸಂಜೆ ತರಕಾರಿ ತರುತ್ತಿದ್ದಾಗ ಬೈಕಿನ ಹಿಂದೆ ಕೂತವನೊಬ್ಬ ಮೇಡಂ ಕೊರಳಿಗೆ ಕೈ ಹಾಕಿದ. ಅವನಿಗೆ ಸಿಕ್ಕಿದ್ದು ಚಿನ್ನ ಅಲ್ಲ, ಕರಡಿಗೆಯ ದಾರ. ಮೇಡಂ ಆ ಕೈಯನ್ನು ಬಿಡಲಿಲ್ಲ. ಬೈಕು ಮುಂದೆ ಹೋಯಿತು, ಅವನು ಹಿಂದೆ ಉಳಿದ. ರಸ್ತೆಗೆ ಅಪ್ಪಳಿಸಿದವನ ಬೆನ್ನ ಮೇಲೆ ಮಂಡಿ ಊರಿ, ತೋಳನ್ನು ಹಿಂದಕ್ಕೆ ಎತ್ತಿ ಒಮ್ಮೆ ತಿರುಗಿಸಿದರು. ಕೋಳಿ ಕಾಲು ಮುರಿದಂತೆ ಸದ್ದಾಯಿತು. ನಾನು ತರಕಾರಿ ಅಂಗಡಿ ಮುಂದೆಯೇ ಇದ್ದೆ. ಎಷ್ಟೋ ಜಟ್ಟಿಗಳ ಪಟ್ಟು ನೋಡಿದ್ದೇನೆ, ಅಂಥ ಚೊಕ್ಕ ಪಟ್ಟು ನೋಡಿರಲಿಲ್ಲ. ಅವನ ಭುಜ ಗೂಡು ಬಿಟ್ಟು ಮುಂದಕ್ಕೆ ಬಂದು ಕೂತಿತ್ತು. ಜನ ಮುತ್ತಿಕೊಂಡು ಅವನಿಗೆ ಒದೆಯಲು ಶುರು ಮಾಡಿದರು. ಮೇಡಂ ಎದ್ದು, ಒದ್ದವನ ಕೆನ್ನೆಗೇ ಒಂದು ಬಿಟ್ಟರು.

“ಭುಜ ಹೊರಗೆ ಬಂದವನ್ನ ಒದೀತೀಯೇನಲೇ? ನರ ಹರೀತದ!”

ಆಮೇಲೆ ಅಲ್ಲೇ ಕೂತು, ಕಳ್ಳ ಅರಚುತ್ತಿರುವಾಗಲೇ, ಆ ಭುಜವನ್ನು ನಿಧಾನವಾಗಿ ಸುತ್ತಿಸಿ ಗೂಡಿಗೆ ಸೇರಿಸಿದರು. ಪೊಲೀಸರು ಬಂದಾಗ ಅವನು ಮೇಡಂ ಪಕ್ಕದಲ್ಲಿ ಕೂತು ಅವರದೇ ಟೊಮ್ಯಾಟೊ ತಿನ್ನುತ್ತಿದ್ದ.

ಕಾಲೇಜಿನಲ್ಲೂ ಹಾಗೆಯೇ ಅಂತೆ. ತೊಡೆಮೂಳೆ ಹಿಡಿದು ಮೇಜು ಗುದ್ದುತ್ತಿದ್ದರು. ಒಬ್ಬ ಹುಡುಗ ಹೆಣದ ಪಕ್ಕ ನಿಂತು ನಗುತ್ತಾ ಫೋಟೊ ತೆಗೆದುಕೊಂಡನಂತೆ. ಫೋನನ್ನು ಕಿತ್ತು ಹೆಣ ನೆನೆಸುವ ತೊಟ್ಟಿಗೆ ಎಸೆದು, “ಹೋಗು, ಮುಳುಗಿ ತಗೋ” ಎಂದರಂತೆ. ದೂರು ಹೋಯಿತು. ಮೇಡಂ ತಪ್ಪಾಯಿತು ಎನ್ನಲೂ ಇಲ್ಲ, ಮುಂದೆ ಹೊಡೆಯುವುದನ್ನು ಬಿಡಲೂ ಇಲ್ಲ.

ಅಂಥವರ ಕೈ ಕಟ್ಟಿಹಾಕಿದ್ದು ಕೊರೊನಾ. ಅದೇ ಸಮಯಕ್ಕೆ ಭೂಮಿಕಾಗೆ ಸೀಟು ಸಿಕ್ಕಿತ್ತು, ಅದೂ ಮೇಡಂ ಕಾಲೇಜಿನಲ್ಲೇ. ಕಾಲೇಜಿಗೆ ಬೀಗ. ಮೇಲಿನ ಮನೆಯಲ್ಲಿ ಮೇಡಂ ಫೋನಿಗೆ ಪಾಠ ಹೇಳುತ್ತಿದ್ದರು, ಕೆಳಗಿನ ಕೋಣೆಯಲ್ಲಿ ಮೊಮ್ಮಗಳು ಅದನ್ನು ಫೋನಿನಲ್ಲಿ ಕೇಳುತ್ತಿದ್ದಳು. ನಮಗೆ ಅದೇ ಮಾತು ಎರಡು ಸಲ ಕೇಳಿಸುತ್ತಿತ್ತು, ಮೊದಲು ಚಾವಣಿಯಿಂದ, ಆಮೇಲೆ ಕೋಣೆಯಿಂದ. “ಕ್ಯಾಮೆರಾ ಆನ್ ಮಾಡ್ರೋ! ಸತ್ತಿದೀರೇನ್ರೋ ಎಲ್ಲಾ?” ಎಂದು ಕೂಗಿ ಫೋನು ಗೋಡೆಗೆ ಬಡಿದು, ಮತ್ತೆ ಹೊಸ ಫೋನು ತರುತ್ತಿದ್ದರು.

ಬೆಳ್ಳುಳ್ಳಿಯನ್ನೂ ಮುಟ್ಟದ ಮೇಡಂ ಮಟನ್ ಅಂಗಡಿಯಿಂದ ಕುರಿಯ ಹೃದಯ ತರಿಸಿದರು. ಮಟನ್ ತಿನ್ನುವ ನಮಗೇ ಆ ದೃಶ್ಯ ಕಷ್ಟವಾಯಿತು. ಟೆರೇಸಿನ ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ಹೃದಯ ಇಟ್ಟು, ಫೋನಿನ ಮುಂದೆ ಎರಡು ಸೀಳು ಮಾಡಿ, ಒಳಗೆ ಹೆಬ್ಬೆರಳು ತೂರಿಸಿ, “ನೋಡ್ರಿ, ಇಲ್ಲಿ ಬಾಗಿಲೈತಿ” ಎಂದು ಒಳಮೈ ಹೊರಗೆ ಮಾಡಿ ತೋರಿಸುತ್ತಿದ್ದರು. ಕಾಗೆಗಳ ಜೊತೆ ಬೇರೆ ಯುದ್ಧ.

ಒಂದು ದಿನ ಕುರಿ ಸಾಲದೆ ನನ್ನ ಮೇಲೆ ಕಣ್ಣು ಬಿತ್ತು.

“ಗೌಡ್ರೇ, ಅಂಗಿ ಬಿಚ್ರಿ.”

ಬಿಚ್ಚಿದೆ. ಕೆಂಪು ಪೆನ್ನು, ನೀಲಿ ಪೆನ್ನು ಹಿಡಿದು ಕಂಕುಳಿಂದ ಮಣಿಕಟ್ಟಿನ ತನಕ ಗೆರೆ ಎಳೆದರು. ಭೂಮಿಕಾ ಫೋನು ಹಿಡಿದಿದ್ದಳು. ಗೆರೆ ಎಳೆದರೆ ಸಾಕಿತ್ತು. ಮೇಡಂ ಪ್ರತಿ ಜಾಗದಲ್ಲೂ ಬೆರಳನ್ನು ಮೂಳೆ ತಾಗುವ ತನಕ ಒತ್ತುತ್ತಿದ್ದರು. ಕುಸ್ತಿಯಲ್ಲಿ ಚಿತ್ತಾದಾಗಲೂ ನಾನು ಅಷ್ಟು ನರಳಿರಲಿಲ್ಲ. ಬೆಳಗ್ಗೆ ಹಾಲಿನ ಬೂತಿಗೆ ಹೋದರೆ, “ಏನ್ ಗೌಡ್ರೇ, ಈ ವಯಸ್ಸಲ್ಲಿ ಟ್ಯಾಟೂನಾ? ಯಾರ್ ಹೆಸ್ರು?” ಎಂದು ಕೇಳಿದರು.

ಮೊಮ್ಮಗಳು ಫೋನಿನ ಪಾಠದಲ್ಲಿ ಹುಲಿಯಾದಳು. ಯಾವ ಪ್ರಶ್ನೆ ಕೇಳಿದರೂ ಮೊದಲು ಅವಳದೇ ಉತ್ತರ. ನಾನು ಬೀಗುತ್ತಿದ್ದೆ. ಮೇಡಂ ಮಾತ್ರ ಹೊಗಳಲಿಲ್ಲ.

ಕಾಲೇಜು ತೆರೆಯುವ ಹೊತ್ತಿಗೆ ಮಕ್ಕಳಲ್ಲಿ ಎರಡು ಪಕ್ಷವಾಗಿತ್ತು. ಪಾಠ ಫೋನಿನಲ್ಲೇ ಇರಲಿ ಎನ್ನುವವರು ಕೆಲವರು, ಬೇಡ ಎನ್ನುವವರು ಕೆಲವರು. ಮೇಡಂ, “ಹಿಂದೆ ಮಾತಾಡೋದು ಬ್ಯಾಡ, ಎದುರಿಗೆ ಬಂದು ಹೇಳ್ರಿ” ಎಂದು ಹತ್ತಿರದಲ್ಲಿದ್ದವರನ್ನು ನಮ್ಮ ಟೆರೇಸಿಗೇ ಕರೆದರು. ನಾನು ಕಾಫಿ ಕೊಡುವ ನೆಪದಲ್ಲಿ ಅಲ್ಲೇ ಕೂತೆ.

ಉದ್ದ ಕೂದಲಿನ ಒಬ್ಬ ಹುಡುಗ ಧೈರ್ಯ ಮಾಡಿದ. “ಆನ್‌ಲೈನೇ ಬೆಸ್ಟು ಮೇಡಂ. ಅರ್ಥ ಆಗ್ಲಿಲ್ಲ ಅಂದ್ರೆ ಹಿಂದಕ್ಕೆ ಹಾಕಿ ನೋಡ್ಬೋದು.”

“ಪೇಷೆಂಟನ್ನ ಕುಯ್ದ ಮೇಲೆ ಹಿಂದಕ್ಕೆ ಹಾಕ್ತೀಯೇನೋ?” ಮೇಡಂ ತೊಡೆಮೂಳೆಯಿಂದ ಪ್ಯಾರಾಪೆಟ್ ಗೋಡೆಗೆ ಗುದ್ದಿದರು. ಗಾರೆ ಉದುರಿತು. ನನ್ನ ಮನೆಯ ಗಾರೆ.

ಒಬ್ಬಳು ಸಣ್ಣ ಹುಡುಗಿ ಎದ್ದಳು. “ಹೊಡೀಬೇಡಿ ಮೇಡಂ, ಒಂದ್ ಮಾತು. ಒಂದೊಂದ್ ಹೆಣದ ಟೇಬಲ್‌ಗೆ ಅಷ್ಟೊಂದ್ ಜನ ನಿಲ್ತಾರಂತೆ. ನಾನ್ ಕುಳ್ಳಿ. ಸೀನಿಯರ್ ಅಕ್ಕ ಹೇಳಿದ್ರು, ವರ್ಷ ಪೂರ್ತಿ ಮುಂದಿರೋರ ಬೆನ್ನೇ ನೋಡಿದ್ದು ಅಂತ. ಫೋನಲ್ಲಾದ್ರೆ ಎಲ್ಲಾರೂ ಫಸ್ಟ್ ಬೆಂಚು.”

ಎತ್ತಿದ ಮೂಳೆ ಕೆಳಗಿಳಿಯಿತು. “ಅದು ಖರೆ,” ಎಂದರು ಮೇಡಂ. “ಇನ್ಮೇಲೆ ಕುಳ್ಳರು ಮುಂದೆ. ಉದ್ದ ಇರೋರು ಹಿಂದೆ. ನುಗ್ಗಿದವನ ಕುತ್ತಿಗೆ ಹಿಡೀತೀನಿ,” ಎಂದರು.

ಭೂಮಿಕಾ ಮೂಲೆಯಿಂದ ಹೇಳಿದಳು. “ನಂಗೂ ಆನ್‌ಲೈನೇ ಸರಿ ಮೇಡಂ. ವಾಸನೆ ಇಲ್ಲ, ಭಯ ಇಲ್ಲ. ಎಲ್ಲಾ ಬಂತಲ್ಲ ನಂಗೆ.”

“ಬಂತಾ? ಎಲ್ಲಿಗೆ ಬಂತು?”

“ತಲೆಗೆ.”

“ಕೈಗೆ?”

ಅವಳಿಗಿಂತ ಮೊದಲು ನಾನು ಬಾಯಿ ಹಾಕಿದೆ. “ನಮ್ ಗರಡೀಲೂ ಹಂಗೇಯ ಮೇಡಂ. ನೋಡಿ ಕುಸ್ತಿ ಕಲ್ತವನು...”

“ಗೌಡ್ರೇ, ನೀವು ಕಾಫಿ ಕೊಡ್ರಿ,” ಎಂದರು ಮೇಡಂ.

ಕಾಲೇಜು ತೆರೆಯಿತು. ಮೊದಲ ದಿನ ಬಿಳಿ ಕೋಟು ಇಸ್ತ್ರಿ ಮಾಡಿಸಿ ನಾನೇ ಅತ್ತಿಗುಪ್ಪೆ ಮೆಟ್ರೋ ತನಕ ಬಿಟ್ಟು ಬಂದೆ. ಮಧ್ಯಾಹ್ನಕ್ಕೇ ವಾಪಸು ಬಂದಳು. ಬಚ್ಚಲಿಗೆ ಹೋಗಿ ಹೊಟ್ಟೆ ಖಾಲಿ ಆಗುವ ತನಕ ವಾಂತಿ ಮಾಡಿದಳು. ಹೆಣದ ಮೇಲಿನ ಬಟ್ಟೆ ತೆಗೆದಾಗ ಹೆಸರು, ಜಾಗ ಎಲ್ಲ ಬಾಯಲ್ಲಿತ್ತಂತೆ. ಕೈಗೆ ಕತ್ತಿ ಕೊಟ್ಟಾಗ ಕೈ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ಅದರ ಮಾರನೆಯ ದಿನ ಅವಳು ಹೆಣದ ಕೋಣೆಯ ಬಾಗಿಲಿನ ಒಳಗೂ ಹೋಗಲಿಲ್ಲ.

“ನಂಗಾಗಲ್ಲ ತಾತ. ಬಿಟ್ಬಿಡ್ತೀನಿ. ಬೇರೆ ಏನಾದ್ರೂ ಓದ್ತೀನಿ.”

ಮಗ ಸೊಸೆ “ಬಲವಂತ ಬೇಡಪ್ಪ” ಎಂದರು. ನನಗೆ ಎದೆಯ ಮೇಲೆ ಯಾರೋ ಮಂಡಿ ಊರಿ ಕೂತಂತಾಯಿತು. ಸೀಟು ಬಂದ ದಿನ ಅವಳು ಕುಣಿದದ್ದನ್ನು ನಾನು ನೋಡಿದ್ದೆ. ಆದರೂ ಹೆದರಿದವರನ್ನು ಅಖಾಡಕ್ಕೆ ತಳ್ಳಬಾರದು ಎಂಬುದೂ ಗೊತ್ತಿತ್ತು. “ಮೇಡಂಗೆ ಒಂದ್ ಮಾತು ಹೇಳ್ಬಿಡು, ಮಗಾ” ಎಂದು ಮಹಡಿಗೆ ಕರೆದುಕೊಂಡು ಹೋದೆ.

ಭಾನುವಾರ ಬೆಳಗ್ಗೆ. ಊರಿನಿಂದ ಇನ್ನೂ ಬಾರದ ಮಕ್ಕಳಿಗೆ ಮೇಡಂ ಫೋನಿನಲ್ಲಿ ಪಾಠ ಮಾಡುತ್ತಿದ್ದರು. ಫೋನು ಗೋಡೆಗೆ ಒರಗಿ ನಿಂತಿತ್ತು, ಮುಂದೆ ಗಾಜಿನ ಟೀಪಾಯಿ.

“ಮೇಡಂ, ನಾನು ಕೋರ್ಸ್ ಬಿಡ್ತಾ ಇದೀನಿ,” ಎಂದಳು ಭೂಮಿಕಾ.

“ಯಾಕ?”

“ಕೈ ಹೋಗಲ್ಲ ಮೇಡಂ.”

ಮೇಡಂ ಮುಖ ಕೆಂಡವಾಯಿತು. “ಕೈ ಹೋಗಲ್ಲ? ಕೈ ತಾನಾಗೇ ಹೋಗ್ತದೇನೇ? ಕಳಿಸ್ಬೇಕು! ಹಿಂಗ ಕಳಿಸ್ಬೇಕು!” ಎಂದು ಟೀಪಾಯಿಗೆ ಗುದ್ದಿದರು.

ಗಾಜು ಸಿಡಿಯಿತು. ಗುದ್ದಿದ ಬಿರುಸಿಗೆ ಮೇಡಂ ಅದರ ಮೇಲೆಯೇ ಮುಗ್ಗರಿಸಿದರು. ಎದ್ದಾಗ ಬಲ ಮೊಣಕೈಯ ಒಳಮಡಿಕೆಯಲ್ಲಿ ಅಂಗೈಯಗಲದ ಚೂರು ನಾಟಿತ್ತು. ರಕ್ತ ಸುರಿಯಲಿಲ್ಲ, ಹಾರಿತು. ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಪಂಚೆಗೆ. ನಿಂತು ನಿಂತು, ಎದೆ ಬಡಿದ ಹಾಗೆಲ್ಲ ಹಾರಿತು.

ಫೋನಿನೊಳಗೆ ಮಕ್ಕಳೆಲ್ಲ ಕಿರುಚಿದರು. “ಮೇಡಂ! ಪ್ರೆಸ್ ಮಾಡ್ರೋ ಯಾರಾದ್ರೂ!” “ಬ್ರೇಕಿಯಲ್ ಆರ್ಟರಿ ಕಣೋ ಅದು, ಬ್ರೇಕಿಯಲ್!” ತೋಳಿನ ಆ ದೊಡ್ಡ ರಕ್ತನಾಳದ ಹೆಸರು, ಉತ್ತರ ಎಲ್ಲ ಅವರಿಗೆ ಗೊತ್ತಿತ್ತು. ಅಷ್ಟು ಜನರಲ್ಲಿ ಒಬ್ಬರ ಕೈಯೂ ಫೋನಿನಿಂದ ಹೊರಗೆ ಬರಲಿಲ್ಲ.

ನನಗೆ ಗೊತ್ತಿದ್ದ ಮದ್ದು ಗರಡಿಯದು, ಮಣ್ಣು. ತುಳಸಿ ಕುಂಡದಿಂದ ಒಂದು ಬೊಗಸೆ ಬಾಚಿ ತಂದೆ. ಸದ್ದು ಕೇಳಿ ಓಡಿಬಂದ ನನ್ನ ಹೆಂಡತಿಯ ಕೈಯಲ್ಲಿ ಕಾಫಿಪುಡಿ ಡಬ್ಬ. ರಕ್ತ ಕಂಡರೆ ಕಾಫಿಪುಡಿ ಮೆತ್ತುವುದು ಅವಳ ತವರಿನ ಪದ್ಧತಿ. ಮೇಡಂ ಕೂತಲ್ಲಿಂದಲೇ ಡಬ್ಬಕ್ಕೆ ಒದ್ದರು. ಪುಡಿ ಗೋಡೆಯ ರಕ್ತಕ್ಕೆ ಹೋಗಿ ಅಂಟಿತು.

“ಗೌಡ್ರೇ, ಆ ಮಣ್ಣು ಹಾಕಿದ್ರೆ ನಿಮ್ಮನ್ನ ಅದರಾಗೇ ಹೂಳ್ತೀನಿ! ಆಟೋ ತರ್ರಿ! ಏ ಭೂಮಿಕಾ! ಸತ್ತೀಯೇನೇ? ಬಾ ಇಲ್ಲಿ!”

ಮೊಮ್ಮಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಮೇಡಂ ಎಡಗೈ ಚಾಚಿ ಅವಳ ಜಡೆ ಹಿಡಿದು ನೆಲಕ್ಕೆ ಎಳೆದರು.

“ಒತ್ತು!”

ಅವಳು ಕಣ್ಣು ಮುಚ್ಚಿ ತೋಳಿನ ಹೊರಭಾಗ ಒತ್ತಿದಳು. ಫೋನಿನಲ್ಲಿ ಎಷ್ಟು ಸಲ ಸರಿಯಾಗಿ ಹೇಳಿದ್ದಳೋ ಅದೇ ಜಾಗ ಈಗ ತಪ್ಪಿತು. ರಕ್ತ ಅವಳ ಬಾಯಿಗೇ ಹಾರಿತು. ಮೇಡಂ ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದರು.

“ಆ ಕಡೆ ಏನೈತೇ? ಒಳಗೆ ಬಾ! ಗಾಜು ಮುಟ್ಟಬ್ಯಾಡ, ಮೇಲೆ ಹೋಗು. ಮೇಲೆ! ಸ್ನಾಯು ಸರಿಸು. ಕಣ್ಣು ಬಿಡೇ ಮೂದೇವಿ! ಏನು ಸಿಕ್ತು?”

“ಮೇಡಂ... ಹೊಡ್ಕೋತಾ ಇದೆ. ಬೆರಳ ಕೆಳಗೆ ಹೊಡ್ಕೋತಾ ಇದೆ!”

“ಹೊಡ್ಕೊಳ್ಳೋದನ್ನ ನಿಲ್ಸು! ಮೂಳೆಗೆ ಒತ್ತಿ ಹಿಡಿ! ಕೊಲ್ಲು ಅದನ್ನ!”

ಮೊಮ್ಮಗಳು ಹಲ್ಲು ಕಚ್ಚಿದಳು. ಎರಡೂ ಕೈಯ ಬೆರಳುಗಳನ್ನು ಆ ತೋಳಿನ ಮಾಂಸದೊಳಗೆ ಹೂತಳು. ಹಾರುತ್ತಿದ್ದ ರಕ್ತ ಒಮ್ಮೆ ತಗ್ಗಿತು, ಇನ್ನೊಮ್ಮೆ ತೊಟ್ಟಿಕ್ಕಿತು, ನಿಂತಿತು.

ನಾನು ತಂದ ಆಟೋದಲ್ಲಿ ಅವಳು ಆ ತೋಳನ್ನು ಬಿಡಲಿಲ್ಲ. ಮೂಡಲಪಾಳ್ಯದ ಟ್ರಾಫಿಕ್ಕಿನಲ್ಲಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು “ಬಿಡಮ್ಮ, ನಾವ್ ಹಿಡ್ಕೊಂಡಿದೀವಿ” ಎಂದರೂ ಬಿಡಲಿಲ್ಲ. ಕೊನೆಗೆ ಸುಣ್ಣದಂತೆ ಬೆಳ್ಳಗಾಗಿದ್ದ ಮೇಡಂ ಕಣ್ಣು ತೆರೆದು “ಬಿಡೇ” ಎಂದರು. ಆಗ ಬಿಟ್ಟಳು.

ರಕ್ತನಾಳ ಹೊಲಿದರು. ಆದರೆ ಪಕ್ಕದ ನರಕ್ಕೂ ಪೆಟ್ಟಾಗಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಹಿಡಿತ ಬಿಟ್ಟವು. ಅಷ್ಟು ಜನರನ್ನು ಗುದ್ದಿದ ಕೈಗೆ ಒಂದು ಚಮಚ ಹಿಡಿಯಲಾಗುತ್ತಿರಲಿಲ್ಲ. ನನ್ನ ಹೆಂಡತಿ ಅನ್ನ ಕಲಸಿ ಕೊಟ್ಟರೆ ಎಡಗೈಯಲ್ಲಿ ತಿನ್ನುತ್ತಾ, ಉಪ್ಪು ಕಡಮೆ ಎಂದು ಬೈಯುತ್ತಿದ್ದರು.

ಕೋರ್ಸು ಬಿಡುವ ಮಾತನ್ನು ಭೂಮಿಕಾ ಮತ್ತೆ ಎತ್ತಲೂ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ನಾವು ಕೇಳಲು ಹೆದರಿದೆವು. ಕೈಗೆ ಕಟ್ಟು ಹಾಕಿಕೊಂಡೇ ಮೇಡಂ ಕಾಲೇಜಿಗೆ ಹೊರಟ ದಿನ, ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು.

“ಏ, ನನ್ನ ಕೈ ಹೋಗ್ಯಾದ. ನಿನ್ನ ಕೈ ಕೊಡು, ನಡಿ.”

ಅವಳು ಚಪ್ಪಲಿ ಹಾಕಿಕೊಂಡು ಹಿಂದೆ ಹೋದಳು.

ಅವತ್ತು ಸಂಜೆ ಬಂದವಳು ಕೈ ತೊಳೆದು ನೇರ ತಟ್ಟೆಯ ಮುಂದೆ ಕೂತಳು. ಮುದ್ದೆ ಮುರಿದಳು. ನಾನು, ನನ್ನ ಹೆಂಡತಿ ಎದುರಿಗೆ ಕೂತು ಅವಳ ಬಾಯನ್ನೇ ನೋಡುತ್ತಿದ್ದೆವು. ಅರ್ಧ ಮುದ್ದೆ ಮುಗಿದ ಮೇಲೆ ತಾನಾಗಿಯೇ ಹೇಳಿದಳು.

“ಮೇಡಂ ನನ್ನ ಹಿಂದೇನೇ ನಿಂತಿದ್ರು ತಾತ. ತಿರುಗಿ ಓಡೋಕೆ ಜಾಗಾನೇ ಇಲ್ಲ. ಹೆಣದ ತೋಳು ಕುಯ್ಯೋದಿತ್ತು. ಬರೀ ಚರ್ಮ ಕುಯ್ಬೇಕು. ಕಣ್ಣು ಮುಚ್ಚಿ ಜೋರಾಗಿ ಎಳೆದ್ಬಿಟ್ಟೆ. ಅಷ್ಟರಲ್ಲಿ ಮೇಡಂ ನನ್ನ ಕಿವೀಲಿ ‘ಅಯ್ಯೋ ಅಮ್ಮಾ!’ ಅಂತ ಕಿರುಚಿದ್ರು. ಹಾಲ್‌ನಲ್ಲಿ ಎಲ್ಲಾರೂ ನಡುಗಿಬಿಟ್ರು. ಅವ್ರ ಕೈಗೆ ಏನೋ ತಾಗಿಸ್ಬಿಟ್ಟೆ ಅಂದ್ಕೊಂಡೆ. ‘ನೋವಾಯ್ತಾ ಮೇಡಂ?’ ಅಂದೆ.”

“ಏನಂದ್ರು?”

“‘ನನಗಲ್ಲ, ಅವನಿಗೆ. ಅವನು ಕಿರುಚೋ ಹಂಗಿಲ್ಲ, ಅದಕ್ಕೇ ನಾನು ಕಿರುಚ್ತೀನಿ. ಆಳ ಹೋಯ್ತು ಕತ್ತಿ. ಮತ್ತೆ ಹಾಕು’ ಅಂದ್ರು.”

“ಹಾಕಿದ್ಯಾ?” ಎಂದೆ ನಾನು.

ಅವಳು ಸಾರು ಬಡಿಸಿಕೊಂಡಳು. ತುತ್ತು ನುಂಗಿದಳು.

“ಎರಡನೇ ಸಲ ಮೇಡಂ ಕಿರುಚಲಿಲ್ಲ ತಾತ.”